ಬೂಷ್ಟು ಮೊದಲೋ, ಕೊಳೆ ಮೊದಲೋ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯ ಕೊಳೆರೋಗದ ಲೇಖನದಲ್ಲಿ ಆಂಟನ್ ಡೆ ಬಾರಿ ಎನ್ನುವವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. ಯಾರು ಅವರು? ಇನ್ನೊಂದು ಮಾತು. ಮಳೆ ಜಾಸ್ತಿಯಾದರೆ ಕಾಯಿ ಕೊಳೆಯುತ್ತದೆ, ಕೊಳೆತ ಮೇಲೆ ಬೂಷ್ಟು ಹಿಡಿಯುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನೀವು ಬೂಷ್ಟಿನಿಂದಲೇ ಕೊಳೆ ಎಂದು ಬರೆದಿದ್ದೀರಿ. ಯಾವುದು ಸರಿ?"

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವರೇ ಆ ಡೆ ಬಾರಿ. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಒಂದು ಸಾಲಿನಲ್ಲಿ ಅವರನ್ನು ಮುಗಿಸಿದ್ದು ನಮ್ಮ ತಪ್ಪೇ.

ನಿಮ್ಮ ಅಜ್ಜ ಹೇಳಿದ್ದನ್ನು 19ನೇ ಶತಮಾನದ ನಡುವೆ ಯುರೋಪಿನ ದೊಡ್ಡ ದೊಡ್ಡ ಸಸ್ಯವಿಜ್ಞಾನಿಗಳೂ ಹೇಳುತ್ತಿದ್ದರು. 1845ರಲ್ಲಿ ಅಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂತು. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಗಿ ನಾರುತ್ತಿತ್ತು. ಆಲೂಗಡ್ಡೆಯನ್ನೇ ಉಂಡು ಬದುಕುತ್ತಿದ್ದ ಐರ್ಲೆಂಡಿನ ಬಡವರಿಗೆ ಬೇರೆ ಅನ್ನವಿರಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರದಿಂದ ಸತ್ತರು. ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು.

ಕಾರಣ ಏನು? ಆ ವರ್ಷ ಮಳೆ ಹೆಚ್ಚು, ಚಳಿ ಹೆಚ್ಚು, ಗಿಡ ನೀರು ಕುಡಿದು ಕೊಳೆಯಿತು ಎಂದರು ಲಂಡನ್ನಿನ ಜಾನ್ ಲಿಂಡ್ಲಿ. ಎಲೆಯ ಅಡಿಯಲ್ಲಿ ಕಾಣುವ ಬೂಷ್ಟೇ ಕಾರಣ ಎಂದು ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ 1846ರಲ್ಲಿ ಬರೆದರು. ಹಳ್ಳಿಯ ಚರ್ಚಿನ ಕೆಲಸದ ಜೊತೆಗೆ ಜೀವನವಿಡೀ ಅಣಬೆ, ಬೂಷ್ಟುಗಳನ್ನು ಓದಿದವರು ಅವರು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ನಂಬಿದವರು ಕಡಿಮೆ, ಏಕೆಂದರೆ ಅದನ್ನು ಮಾಡಿ ತೋರಿಸುವುದು ಆಗಿರಲಿಲ್ಲ.

ಮಾಡಿ ತೋರಿಸಿದ್ದು ಡೆ ಬಾರಿ. ಹುಟ್ಟಿದ್ದು 1831ರ ಜನವರಿ 26ರಂದು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ತಂದೆ ವೈದ್ಯರು. ಮಗನೂ ವೈದ್ಯಕೀಯವನ್ನೇ ಓದಿದ, ಆದರೆ ಮನಸ್ಸೆಲ್ಲ ಗಿಡಗಳ ಮೇಲೆ. 1853ರಲ್ಲಿ, 22ನೇ ವಯಸ್ಸಿಗೇ, ಬೆಳೆಗಳ ಕಾಡಿಗೆ ರೋಗ, ತುಕ್ಕು ರೋಗಗಳ ಬಗ್ಗೆ ಪುಸ್ತಕ ಬರೆದರು. ರೋಗ ಬಂದ ಗಿಡದಿಂದ ಬೂಷ್ಟು ಹುಟ್ಟುವುದಿಲ್ಲ, ಬೂಷ್ಟು ಹೊಕ್ಕಿದ್ದರಿಂದ ಗಿಡಕ್ಕೆ ರೋಗ ಬರುತ್ತದೆ ಎಂಬುದೇ ಅದರ ವಾದ. ವೈದ್ಯಕೀಯವನ್ನು ಬೇಗ ಬಿಟ್ಟು ಫ್ರೈಬುರ್ಗಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾದರು.

ಆಲೂಗಡ್ಡೆಯ ವಿಷಯದಲ್ಲಿ ಅವರು ಮಾಡಿದ್ದು ಬಹಳ ಸರಳ. ಆರೋಗ್ಯವಾದ ಗಿಡಗಳನ್ನು ಬೆಳೆಸಿದರು. ಕೆಲವಕ್ಕೆ ಬೂಷ್ಟಿನ ಬೀಜಕಣ ಹಚ್ಚಿದರು, ಕೆಲವಕ್ಕೆ ಹಚ್ಚಲಿಲ್ಲ. ನೀರು, ತೇವ ಎಲ್ಲಕ್ಕೂ ಒಂದೇ. ಹಚ್ಚಿದವು ಮಾತ್ರ ಕೊಳೆತವು. ಒದ್ದೆಯೊಂದೇ ಕಾರಣವಾಗಿದ್ದರೆ ಎಲ್ಲವೂ ಕೊಳೆಯಬೇಕಿತ್ತಲ್ವಾ?

ಇದಕ್ಕಿಂತ ನನಗೆ ಇಷ್ಟವಾಗುವುದು ಅವರು ಸೂಕ್ಷ್ಮದರ್ಶಕದಲ್ಲಿ ಕಂಡದ್ದು. ಬೀಜಕಣದ ಚೀಲವನ್ನು ಒಂದು ಹನಿ ನೀರಿನಲ್ಲಿಟ್ಟು ಕಾದರು. ಚೀಲದ ತುದಿ ತೆರೆಯಿತು. ಒಳಗಿನಿಂದ ಪುಟ್ಟ ಪುಟ್ಟ ಕಣಗಳು ಹೊರಬಂದು ಈಜತೊಡಗಿದವು. ಪ್ರತಿಯೊಂದಕ್ಕೂ ಕೂದಲಿನಂಥ ಎರಡು ಬಾಲ. ಸ್ವಲ್ಪ ಹೊತ್ತು ಈಜಿ, ಒಂದು ಕಡೆ ನಿಂತು, ಬಾಲ ಕಳಚಿ, ಮೊಳಕೆಯೊಡೆದು ಎಲೆಯ ಒಳಗೆ ನುಗ್ಗಿದವು. 1861ರಲ್ಲಿ ಇದನ್ನೆಲ್ಲ ಪ್ರಕಟಿಸಿದರು.

ಈಗ ನಿಮ್ಮ ಅಜ್ಜನ ಮಾತಿಗೆ ಬರೋಣ. ಮಳೆಗೂ ಕೊಳೆಗೂ ನಂಟಿದೆ ಎಂದರಲ್ಲ, ಅದು ಪೂರ್ತಿ ನಿಜ. ಈಜಲು ನೀರು ಬೇಕು. ಕಾಯಿಯ ಮೇಲೆ ನೀರಿನ ತೆಳು ಪದರ ನಿಂತಷ್ಟೂ ಹೊತ್ತು ಅವಕ್ಕೆ ದಾರಿ ತೆರೆದಿರುತ್ತದೆ. ಬಿಡದೆ ಹಿಡಿದ ಮಳೆಯಲ್ಲಿ ಕೊಳೆ ಹಬ್ಬುವುದು ಇದಕ್ಕೇ. ಅಜ್ಜ ಕಂಡದ್ದು ಸರಿ. ಮಳೆ ದಾರಿ ಮಾಡಿಕೊಡುತ್ತದೆ, ಆದರೆ ಆ ದಾರಿಯಲ್ಲಿ ಬರುವುದು ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ರೈತರ ಕಣ್ಣನ್ನು ಡೆ ಬಾರಿ ಸುಮ್ನೆ ತಳ್ಳಿಹಾಕಿದವರಲ್ಲ. ಉತ್ತರ ಕರ್ನಾಟಕದವರು ಭಂಡಾರ ರೋಗ ಎನ್ನುವ ಗೋಧಿಯ ತುಕ್ಕನ್ನೇ ನೋಡಿ. ಬಾರ್ಬೆರಿ ಎಂಬ ಮುಳ್ಳಿನ ಗಿಡ ಬೇಲಿಯಲ್ಲಿದ್ದರೆ ಗೋಧಿಗೆ ತುಕ್ಕು ಬರುತ್ತದೆ ಎಂದು ಯುರೋಪಿನ ರೈತರು ತಲೆಮಾರುಗಳಿಂದ ಹೇಳುತ್ತಿದ್ದರು. ಫ್ರಾನ್ಸಿನ ರುವಾನಿನಲ್ಲಿ 1660ರಲ್ಲೇ ಆ ಗಿಡ ಕಡಿಯಬೇಕೆಂದು ಕಾನೂನು ಮಾಡಿದ್ದರು. ಬಾರ್ಬೆರಿಯ ಎಲೆಯ ಮೇಲಿನ ಹಳದಿ ಬಟ್ಟಲುಗಳು ಬೇರೆಯೇ ಬೂಷ್ಟು, ಗೋಧಿಯ ತುಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದ ಅನೇಕ ಪಂಡಿತರು ರೈತರ ಮಾತನ್ನು ಒಪ್ಪಿರಲಿಲ್ಲ. ಡೆ ಬಾರಿ ಚಳಿಗಾಲ ಕಳೆದ, ತುಕ್ಕಿನ ಕಪ್ಪು ಬೀಜಕಣಗಳನ್ನು ಮೊಳೆಯಿಸಿದರು. ಅದರಿಂದ ಬಂದ ಸಣ್ಣ ಕಣಗಳನ್ನು ಬಾರ್ಬೆರಿಗೆ ಹಚ್ಚಿದರು. ಹಳದಿ ಬಟ್ಟಲುಗಳು ಎದ್ದವು! ಆ ಬಟ್ಟಲಿನ ಪುಡಿಯನ್ನು ಪೈರಿಗೆ ಹಚ್ಚಿದಾಗ ತುಕ್ಕು ಬಂತು. ಒಂದೇ ಜೀವಿಗೆ ಎರಡು ಮನೆ ಎಂದು 1865ರ ಸುಮಾರಿಗೆ ಹೀಗೆ ಗೊತ್ತಾಯಿತು.

ಮುಂದೆ ಜರ್ಮನಿಯ ಹಾಲೆ ಎಂಬ ಊರಿನಲ್ಲಿ, 1872ರಿಂದ ಸ್ಟ್ರಾಸ್‌ಬುರ್ಗಿನಲ್ಲಿ ಕೆಲಸ ಮಾಡಿದರು. ಬೇರೆ ಬೇರೆ ದೇಶದ ಹುಡುಗರು ಅವರ ಪ್ರಯೋಗಾಲಯಕ್ಕೆ ಬಂದು ಕಲಿತರು. ಬೇರೆ ಬೇರೆ ಜೀವಿಗಳು ಒಟ್ಟಿಗೆ ಬಾಳುವುದಕ್ಕೆ ಸಿಂಬಯಾಸಿಸ್ ಎನ್ನುವ ಪದ ವಿಜ್ಞಾನದಲ್ಲಿ ನೆಲೆಯಾದದ್ದು ಅವರ 1878ರ ಭಾಷಣದಿಂದ. ಬೂಷ್ಟು, ಪಾಚಿ ಕೂಡಿ ಬಾಳುವ ಕಲ್ಲುಹೂವು ಅದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. 1888ರ ಜನವರಿ 19ರಂದು, ದವಡೆಯ ಗೆಡ್ಡೆಯಿಂದ ನರಳಿ ತೀರಿಕೊಂಡರು. 57 ತುಂಬಲು ಇನ್ನೊಂದು ವಾರವಿತ್ತು.

ಅವರಿಗೆ ಸಿಗದ ಉತ್ತರವೂ ಒಂದಿತ್ತು. ಆಲೂಗಡ್ಡೆಯ ಬೂಷ್ಟಿಗೆ ಚಳಿಗಾಲ ಕಳೆಯುವ ಗಟ್ಟಿ ಬೀಜಕಣ ಇದೆಯೇ ಎಂದು ವರ್ಷಗಟ್ಟಲೆ ಹುಡುಕಿದರು. ಸಿಗಲಿಲ್ಲ. ಸಿಗಲಿಲ್ಲ ಎಂದೇ 1876ರಲ್ಲಿ ಬರೆದರು. ಅದು ಹುಟ್ಟಲು ಬೂಷ್ಟಿನ ಎರಡು ಬಗೆಗಳು ಕೂಡಬೇಕು, ಆಗ ಯುರೋಪಿನಲ್ಲಿ ಇದ್ದದ್ದು ಒಂದೇ ಬಗೆ. ಎರಡೂ ಒಟ್ಟಿಗೆ ಇರುವುದನ್ನು ವಿಜ್ಞಾನಿಗಳು ಮೆಕ್ಸಿಕೊದಲ್ಲಿ ಕಂಡದ್ದು 1950ರ ದಶಕದಲ್ಲಿ. ಇಲ್ಲದ್ದನ್ನು ಇದೆ ಎನ್ನದ ಆ ನೇರತನಕ್ಕೆ ನಾನು ತಲೆಬಾಗುತ್ತೇನೆ.

ಅದೇ 1876ರಲ್ಲಿ ಆ ಬೂಷ್ಟಿನ ಕುಲಕ್ಕೆ ಫೈಟೋಫ್ಥೋರಾ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಗಿಡವನ್ನು ಹಾಳುಮಾಡುವುದು ಎಂದರ್ಥ. (ಇವತ್ತಿನ ವಿಜ್ಞಾನಿಗಳು ಈ ಕುಲವನ್ನು ಅಣಬೆಗಳ ಸಾಲಿನಲ್ಲಿ ಇಡುವುದಿಲ್ಲ, ಪಾಚಿಗಳ ಕಡೆಯ ನೆಂಟ ಎನ್ನುತ್ತಾರೆ.) ನಿಮ್ಮ ತೋಟದ ಕೊಳೆರೋಗಕ್ಕೂ ಇದೇ ಕುಲ ಕಾರಣ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯನ್ನು ಪರೀಕ್ಷಿಸಿದರು. 1910ರಲ್ಲಿ, ಡೆ ಬಾರಿ ಹೆಸರಿಟ್ಟಿದ್ದ ಒಂದು ಜಾತಿಯ ಅಡಿಕೆ ಬಗೆ ಎಂದು ಅದನ್ನು ಗುರುತಿಸಿದರು. ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದ ಅಡಿಕೆ ಕೊನೆಗಳಿಗೆ ಬೋರ್ಡೋ ಮದ್ದು ಹೊಡೆಯುವುದನ್ನು ಇಲ್ಲಿ ರೂಢಿಗೆ ತಂದವರೂ ಅವರೇ. ಮೈಲುತುತ್ತ, ಸುಣ್ಣದ ಆ ಮದ್ದನ್ನು ದ್ರಾಕ್ಷಿಗಾಗಿ 1885ರಲ್ಲಿ ಫ್ರಾನ್ಸಿನಲ್ಲಿ ಪ್ರಕಟಿಸಿದ ಮಿಲಾರ್ಡೆ, ಡೆ ಬಾರಿಯವರ ಬಳಿ ಕಲಿತವರು.

ನನ್ನ ಮಾತನ್ನು ನಂಬಬೇಕೆಂದೇನೂ ಇಲ್ಲ. ಈ ಮಳೆಗಾಲದಲ್ಲಿ ನೀವೇ ನೋಡಬಹುದು. ಮದ್ದು ಬೀಳದ ಮರದ ಎರಡು ಹಸಿರು ಕಾಯಿ ತನ್ನಿ. ಎರಡನ್ನೂ ತೊಳೆದು ಬೇರೆ ಬೇರೆ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಮೇಲಿಡಿ. ಒಂದಕ್ಕೆ ಮಾತ್ರ ಕೊಳೆತು ಉದುರಿದ ಕಾಯಿಯ ಬಿಳಿ ಬೂಷ್ಟನ್ನು ತಾಗಿಸಿ, ಮುಚ್ಚಳ ಹಾಕಿ. ಕೆಲವು ದಿನ ನೋಡುತ್ತಾ ಇರಿ. ಬೂಷ್ಟು ತಾಗಿಸದ ಕಾಯಿಯ ಡಬ್ಬಿಯನ್ನೂ ಅಷ್ಟೇ ಗಮನವಿಟ್ಟು ನೋಡಿ.