ಎದ್ದು ಕೂತರೆ ತಲೆ ಸಿಡಿತ: ಬೆನ್ನಿನ ಇಂಜೆಕ್ಷನ್ ಕಾರಣವೇ?

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ಮೂರು ದಿನ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ನಡೆದಾಡುತ್ತಾಳೆ, ಆದರೆ ನಿನ್ನೆಯಿಂದ ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ತಲೆಗೆ ಬಟ್ಟೆ ಕಟ್ಟದೆ ಶೀತ ಆಗಿದೆ ಅಂತಾರೆ ನಮ್ಮತ್ತೆ. ಆ ಇಂಜೆಕ್ಷನ್‌ನಿಂದ ಕಾಲೇ ಬಿದ್ದುಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಶೀತ ಅಲ್ಲಮ್ಮ. ಎದ್ದರೆ ನೋವು, ಮಲಗಿದರೆ ಆರಾಮ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಬೆನ್ನುಹುರಿಯನ್ನು ಸುತ್ತಿಕೊಂಡು ಒಂದು ಪೊರೆ ಇರುತ್ತದೆ, ಅದರೊಳಗೆ ನೀರಿನಂಥ ದ್ರವ. ಬೆನ್ನಿನ ಇಂಜೆಕ್ಷನ್ ಎರಡು ಬಗೆ. ಸ್ಪೈನಲ್ ಅನ್ನುವುದರ ಸೂಜಿ ಆ ಪೊರೆ ದಾಟಿಯೇ ಹೋಗಬೇಕು. ತೂತು ಬೇಗ ಮುಚ್ಚದಿದ್ದರೆ ದ್ರವ ಸೋರುತ್ತದೆ, ಎದ್ದಾಗ ತಲೆ ಹಿಡಿಯುತ್ತದೆ. ಈಗಿನ ಪೆನ್ಸಿಲ್ ಮೊನೆಯ ತೆಳು ಸೂಜಿಗಳಲ್ಲಿ ಇದು ನೂರಕ್ಕೆ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ. ಇನ್ನೊಂದು ಬಗೆ ಎಪಿಡ್ಯೂರಲ್, ಅದರ ಸೂಜಿ ದಪ್ಪ. ಅದು ಪೊರೆಯ ಹೊರಗೇ ನಿಲ್ಲಬೇಕು. ತಪ್ಪಿ ತೂತಾದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಈ ತಲೆನೋವು ಬರುತ್ತದೆ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತದೆ. ಪ್ಯಾರಾಸಿಟಮಾಲ್, ಒಂದೆರಡು ಲೋಟ ಕಾಫಿ ಸ್ವಲ್ಪ ತಡೆದುಕೊಳ್ಳಲು ಸಾಕು. ಮಗುವಿಗೆ ಹಾಲೂಡಿಸಲೂ ಕೂರಲಾಗದಿದ್ದರೆ ಬ್ಲಡ್ ಪ್ಯಾಚ್ ಮಾಡುತ್ತಾರೆ. ಅವಳ ತೋಳಿನಿಂದಲೇ ಸುಮಾರು 20 ಎಂಎಲ್ ರಕ್ತ ತೆಗೆದು ಬೆನ್ನಿನಲ್ಲಿ ಅದೇ ಜಾಗದ ಹತ್ತಿರ ಹಾಕುತ್ತಾರೆ. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಎಷ್ಟೋ ಜನ ಅವತ್ತೇ ಎದ್ದು ಕೂರುತ್ತಾರೆ. ಕೆಲವರಿಗೆ ಇನ್ನೊಮ್ಮೆ ಬೇಕಾಗುತ್ತದೆ.

ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬಿಡಿ. ಬಟ್ಟೆ ಕಟ್ಟಿದರೆ ತೊಂದರೆಯಿಲ್ಲ, ನೀರು ತಪ್ಪಿಸಿದರೆ ಇದೆ. ಬಾಣಂತಿಯರಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ನೀರೂ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲೇ ಹೆಪ್ಪು ಕಟ್ಟಬಹುದು. ಅದೂ ತಲೆನೋವಿನಿಂದಲೇ ಶುರುವಾಗುತ್ತದೆ. ಹಾಗಾಗಿ ನೋವಿನ ಸ್ವಭಾವ ಬದಲಾಯಿತೇ ನೋಡಿ: ಮಲಗಿದರೂ ಬಿಡುತ್ತಿಲ್ಲ, ವಾಂತಿ, ಒಂದು ಎರಡಾಗಿ ಕಾಣುವುದು, ಫಿಟ್ಸ್. ಆಗ ಮನೆಯಲ್ಲಿ ಕಾಯಬೇಡಿ. ಬಿಪಿಯೂ ನೋಡಿಸಿ, ಬಸಿರಲ್ಲಿ ಸರಿ ಇದ್ದದ್ದು ಹೆರಿಗೆಯ ನಂತರ ಏರುವುದುಂಟು.

ಕಾಲು ಬೀಳುವ ಮಾತು. ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ತಜ್ಞರು ಎಪಿಡ್ಯೂರಲ್ ಬಗ್ಗೆ ಕೊಡುವ ಅಂದಾಜಿನಂತೆ ಕಾಲಿನ ಸ್ವಾಧೀನ ತಪ್ಪುವಂಥ ದೊಡ್ಡ ಹಾನಿ ಸುಮಾರು 2,50,000ಕ್ಕೆ ಒಬ್ಬರಿಗೆ. ಬೆನ್ನಿನಲ್ಲಿ ರಕ್ತ ಕಟ್ಟಿಕೊಂಡು ನರ ಒತ್ತುವುದು 1,70,000ಕ್ಕೆ ಒಬ್ಬರಿಗೆ, ಕೀವು ಕಟ್ಟುವುದು 50,000ಕ್ಕೆ ಒಬ್ಬರಿಗೆ. ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಸರಿಹೋಗಿದ್ದ ಕಾಲು ಮತ್ತೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಜ್ವರದ ಜೊತೆ ಬೆನ್ನು ವಿಪರೀತ ನೋಯುತ್ತಿದ್ದರೆ ರಾತ್ರಿಯಾದರೂ ಹೊರಡಿ. ಮಗಳು ನಡೆದಾಡುತ್ತಿದ್ದಾಳೆ ಅಂದಿದ್ದೀರಿ, ಸದ್ಯ ಆ ಭಯ ಬೇಡ.

ತಲೆನೋವನ್ನಂತೂ ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಹೆರಿಗೆ ಡಾಕ್ಟರ್ ಜೊತೆಗೆ, ಇಂಜೆಕ್ಷನ್ ಕೊಟ್ಟ ಅರಿವಳಿಕೆ ಡಾಕ್ಟರೇ ಬಂದು ನೋಡಲಿ ಅಂತ ಕೇಳಿ.