ತಲಪಾಡಿ ಗಡಿಯೂ ಲಿವರ್ ಕ್ಯಾನ್ಸರೂ

ಕೇರಳದಲ್ಲಿ ಒಳ್ಳೆಯ ಆಸ್ಪತ್ರೆಗಳಿರುವಾಗ ಕೊರೊನಾ ಕಾಲದಲ್ಲಿ ಕಾಸರಗೋಡಿನವರು ಮಂಗಳೂರಿಗೇ ಹೋಗಬೇಕೆಂದು ಯಾಕೆ ಹಟ ಹಿಡಿದಿರಿ ಎಂದು ಕೇಳಿದ್ದೀರಿ. ಅದು ಹಟವಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲಿನಿಂದಲೂ ಮಂಗಳೂರೇ ಗತಿ. ತಲಶ್ಶೇರಿಯ ಕ್ಯಾನ್ಸರ್ ಸೆಂಟರ್ ಅದಕ್ಕಿಂತ ಎಷ್ಟೋ ದೂರ, ತಿರುವನಂತಪುರದ ಆರ್‌ಸಿಸಿ ಎಂಬ ಕ್ಯಾನ್ಸರ್ ಆಸ್ಪತ್ರೆ ರಾಜ್ಯದ ಇನ್ನೊಂದು ತುದಿಯಲ್ಲಿ.

2020ರ ಮಾರ್ಚಿನಲ್ಲಿ ಕರ್ನಾಟಕವು ಕೇರಳದ ಕಡೆಯ ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಸುರಿದರು. ಆಂಬುಲೆನ್ಸುಗಳು ಗಡಿಯ ತಲಪಾಡಿ ಚೆಕ್‌ಪೋಸ್ಟಿನಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದ ಮೇಲೆ, ಏಪ್ರಿಲಿನಲ್ಲಿ ತುರ್ತು ರೋಗಿಗಳನ್ನು ಪರೀಕ್ಷಿಸಿ ಬಿಡತೊಡಗಿದರು.

ಆದರೆ ಲಿವರ್ ಕ್ಯಾನ್ಸರ್ ಯಾವಾಗ ತುರ್ತಾಗುತ್ತದೆ? ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ. ಅಷ್ಟು ಹೊತ್ತಿಗೆ ಹೆಚ್ಚಿನವರಿಗೆ ಕೈಮೀರಿರುತ್ತದೆ. ಗಡ್ಡೆ ಎರಡು ಮೂರು ಸೆಂಟಿಮೀಟರ್ ಇರುವಾಗ ನೋವಿಲ್ಲ, ಗುರುತಿಲ್ಲ. ಅದಕ್ಕೇ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರಿಗೆ, ಹೆಪಟೈಟಿಸ್ ಬಿ ಎಂಬ ಲಿವರಿನ ವೈರಸ್ ಸೋಂಕು ಇರುವ ಹಲವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲು ಹೇಳುವುದು, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ. ಸಣ್ಣದಿರುವಾಗ ಸಿಕ್ಕಿದರೆ ಕತ್ತರಿಸಿ ತೆಗೆಯಬಹುದು, ಸೂಜಿ ತೂರಿಸಿ ಸುಡಬಹುದು, ಕೆಲವರಿಗೆ ಲಿವರ್ ಕಸಿಯೂ ಆಗುತ್ತದೆ. ಹಲವರಲ್ಲಿ ಗಡ್ಡೆ ಐದಾರು ತಿಂಗಳಲ್ಲೇ ಇಮ್ಮಡಿಯಾಗುತ್ತದೆ. ಹಾಗಾಗಿ ತಪ್ಪಿದ ಒಂದು ಸ್ಕ್ಯಾನ್ ಸಣ್ಣ ವಿಷಯವೇ ಅಲ್ಲ. ಆರಾಮಾಗಿ ಓಡಾಡುತ್ತಿರುವವನು ಚೆಕ್‌ಪೋಸ್ಟಿನಲ್ಲಿ ನಿಂತು ‘ನನಗೆ ತುರ್ತು’ ಎಂದರೆ ಪೊಲೀಸರು ನಂಬುವುದು ಹೇಗೆ?

ಗಡ್ಡೆ ಇದೆಯೆಂದು ಮೊದಲೇ ಗೊತ್ತಿದ್ದವರ ಪಾಡೂ ಸುಲಭದ್ದಲ್ಲ. ಐಸಿಯು ಹಾಸಿಗೆ, ಅರಿವಳಿಕೆ ಡಾಕ್ಟರು ಎಲ್ಲ ಕೊರೊನಾ ಕಡೆಗೆ ಹೋದಾಗ ಎಷ್ಟೋ ಕಡೆ ಆಪರೇಷನ್ನಿನ ದಿನ ಮುಂದೆ ಹೋಯಿತು. ರಕ್ತನಾಳದೊಳಗಿಂದ ನಳಿಕೆ ದಾಟಿಸಿ ಗಡ್ಡೆಗೇ ಔಷಧಿ ಬಿಡುವ ಚಿಕಿತ್ಸೆಯೂ ತಡವಾಯಿತು. ಅದು ಜಗತ್ತಿನ ಎಲ್ಲೆಡೆಯ ಕಥೆ. ನಮಗೆ ಅದರ ಮೇಲೆ ಗಡಿಯೂ ಇತ್ತು. 2021ರಲ್ಲಿ ಮತ್ತೆ ತಲಪಾಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಚೀಟಿ ಕೇಳಿದರು.

ಫೋನಿನಲ್ಲಿ ಡಾಕ್ಟರನ್ನು ಕೇಳಿ ಮಾತ್ರೆ ಮುಂದುವರಿಸಿದವರಿದ್ದಾರೆ, ಅದು ದೊಡ್ಡ ಉಪಕಾರವೇ. ಆದರೆ ಸ್ಕ್ಯಾನಿಗೆ ರೋಗಿಯೇ ಹೋಗಿ ಮಲಗಬೇಕು. ನಿಮ್ಮ ಪರಿಚಯದವರಲ್ಲಿ ಸಿರೋಸಿಸ್ ಇದ್ದವರು ಆಗ ಬಿಟ್ಟ ಸ್ಕ್ಯಾನನ್ನು ಇನ್ನೂ ಮತ್ತೆ ಶುರುಮಾಡದಿದ್ದರೆ, ದಯವಿಟ್ಟು ಈ ವಾರವೇ ಕಳುಹಿಸಿ. ಅಲ್ಟ್ರಾಸೌಂಡಿಗೆ ಮಂಗಳೂರೇ ಆಗಬೇಕೆಂದಿಲ್ಲ, ಕಾಸರಗೋಡಿನಲ್ಲೇ ಮಾಡಿಸಿ ರಿಪೋರ್ಟ್ ಡಾಕ್ಟರಿಗೆ ತೋರಿಸಿದರೂ ಆಗುತ್ತದೆ.