ಐರ್ಲೆಂಡಿನ ಸಂತ ಬ್ರೆಂಡನ್ ಕೊಲಂಬಸ್‌ಗಿಂತ ಮೊದಲೇ ಅಮೆರಿಕ ತಲುಪಿದ್ದರಾ?

ತಲುಪಿದ್ದಕ್ಕೆ ಪುರಾವೆ ಇಲ್ಲ. ಬ್ರೆಂಡನ್ 6ನೇ ಶತಮಾನದವರು, ಕ್ಲಾನ್‌ಫರ್ಟ್‌ನಲ್ಲಿ ಮಠ ಕಟ್ಟಿದವರು. ಆದರೆ ಅವರು ಏಳು ವರ್ಷ ಸಮುದ್ರ ಸುತ್ತಿ ಸಂತರ ನಾಡು ಕಂಡ ಕಥೆ ಬರಹಕ್ಕಿಳಿದದ್ದು ಅವರು ತೀರಿಕೊಂಡು ನೂರಾರು ವರ್ಷ ಆದಮೇಲೆ. ಅದರಲ್ಲಿ ಜೊತೆಗಾರರು ದ್ವೀಪ ಅಂದುಕೊಂಡು ಇಳಿದು ಒಲೆ ಹಚ್ಚುತ್ತಾರೆ, ನೋಡಿದರೆ ಅದು ಜಾಸ್ಕೋನಿಯಸ್ ಎಂಬ ದೈತ್ಯ ಮೀನು! ನನಗೆ ತುಂಬಾ ಇಷ್ಟವಾದ ಭಾಗ ಇದು.

1976-77ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಯಾತ್ರಿ ಕಥೆಯಲ್ಲಿ ಬರುವಂಥದೇ ಚರ್ಮದ ದೋಣಿ ಕಟ್ಟಿಸಿ ಐರ್ಲೆಂಡಿನಿಂದ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದರು. ಅದರಿಂದ ಹೋಗಬಹುದಿತ್ತು ಅಂತ ಗೊತ್ತಾಯಿತೇ ಹೊರತು ಬ್ರೆಂಡನ್ ಹೋಗಿದ್ದರು ಅಂತಲ್ಲ, ಅಲ್ವಾ? ಹಾಗಂತ ಕಥೆ ಸುಮ್ನೆ ಹುಟ್ಟಿದ್ದೂ ಅಲ್ಲ. ಐರಿಷ್ ಸನ್ಯಾಸಿಗಳು ಏಕಾಂತ ಹುಡುಕಿಕೊಂಡು ಉತ್ತರದ ದ್ವೀಪಗಳಿಗೆ ನಿಜವಾಗಿಯೂ ಹೋಗುತ್ತಿದ್ದರು. ಬೇಸಿಗೆಯಲ್ಲಿ ರಾತ್ರಿಯೂ ಕತ್ತಲಾಗದ ಒಂದು ದ್ವೀಪದಲ್ಲಿ, ಬಹುಶಃ ಐಸ್‌ಲೆಂಡ್‌ನಲ್ಲೇ, ಅವರು ಉಳಿದಿದ್ದನ್ನು ಡಿಕುಯಿಲ್ ಎಂಬ ಐರಿಷ್ ಸನ್ಯಾಸಿ 825ರಲ್ಲೇ ಬರೆದಿದ್ದಾರೆ.